ಕೆಟ್ಟ ಸುದ್ದಿ ಮೊದಲು ಯಾರ ಬಳಿ ಬರುತ್ತದೆ?

ಹೊಸದಾಗಿ ಇನ್‌ಚಾರ್ಜ್ ಆದ ಸಿಸ್ಟರ್‌ಗಳು ನನ್ನ ಬಳಿ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಇದು: ನಿಮ್ಮ ವಾರ್ಡಿನಲ್ಲಿ ಏನಾದರೂ ಎಡವಟ್ಟಾದರೆ ಹುಡುಗಿಯರು ಓಡಿ ಬರುವುದು ನಿಮ್ಮ ಹತ್ತಿರವಾ, ಅಥವಾ ನಿಮಗೆ ಗೊತ್ತಾಗದ ಹಾಗೆ ಹೇಗೆ ಮುಚ್ಚಿಡುವುದು ಅಂತ ಅವರವರೇ ಮಾತಾಡಿಕೊಳ್ಳುತ್ತಾರಾ? ಬಹಳ ಜನ ಉತ್ತರ ಹೇಳುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ನಾಯಕತ್ವ, ಪ್ರಭಾವ ಎಂದೆಲ್ಲ ನಾವು ಮಾತಾಡುತ್ತೇವಲ್ಲ, ಅದನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆಗೋಲು ನನಗೆ ಸಿಕ್ಕಿಲ್ಲ. ಇದನ್ನು ಕಲಿತದ್ದು ಬೈಬಲಿನ 1 ಸಮುವೇಲ 25ನೇ ಅಧ್ಯಾಯದಿಂದ. ನಾಬಾಲನಿಗೆ 3,000 ಕುರಿ, 1,000 ಆಡು. ಮನೆಗೆ ಯಜಮಾನ ಅವನೇ. ತನ್ನ ಕುರುಬರನ್ನು ಕಾಪಾಡಿದ, ಮುಂದೆ ಅರಸನಾಗಲಿದ್ದ ದಾವೀದನ ಆಳುಗಳನ್ನು ಅವನು ಅವಮಾನ ಮಾಡಿ ಕಳುಹಿಸಿದ. ದಾವೀದ 400 ಜನರಿಗೆ ಕತ್ತಿ ಕಟ್ಟಿಕೊಳ್ಳಲು ಹೇಳಿ ಹೊರಟುಬಿಟ್ಟ. ಮುಂದೇನಾಗುತ್ತದೆ ಎಂಬುದು ಮನೆಯ ಆಳೊಬ್ಬನಿಗೆ ಹೊಳೆಯಿತು. ಅವನು ಯಜಮಾನನ ಕಡೆ ತಲೆಯನ್ನೂ ಹಾಕಲಿಲ್ಲ. ನೇರ ಯಜಮಾನನ ಹೆಂಡತಿ ಅಬೀಗೈಲಳ ಬಳಿ ಹೋದ. ಕಾರಣವನ್ನೂ ಅವನೇ ಹೇಳುತ್ತಾನೆ: ನಮ್ಮ ಯಜಮಾನ ಎಂಥವನೆಂದರೆ ಅವನ ಹತ್ತಿರ ಯಾರೂ ಮಾತಾಡುವ ಹಾಗಿಲ್ಲ. ನಾಬಾಲನ ಅಧಿಕಾರ ಎಷ್ಟು, ಅಬೀಗೈಲಳ ಪ್ರಭಾವ ಎಷ್ಟು ಎನ್ನುವುದು ಆ ಆಳು ಯಾವ ಬಾಗಿಲು ತಟ್ಟಿದ ಎಂಬುದರಲ್ಲೇ ಇದೆ.

ನಾನು 31 ವರ್ಷ ನರ್ಸಿಂಗ್ ಮಾಡಿದವಳು. ಅದರಲ್ಲಿ 17 ವರ್ಷ ವಾರ್ಡ್ ಇನ್‌ಚಾರ್ಜ್. ಸಭೆಯಲ್ಲಿ ಸ್ತ್ರೀಯರ ಕೂಟದ ಜವಾಬ್ದಾರಿಯನ್ನೂ ಹೊತ್ತಿದ್ದೇನೆ. ಈ ಎರಡು ಕಡೆ ತೆಗೆದುಕೊಂಡ ತೀರ್ಮಾನಗಳಿಂದ, ಅದರಲ್ಲೂ ಕೆಟ್ಟ ತೀರ್ಮಾನಗಳಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನರ ಗುಂಪಿಗೆ ಮುಂದಾಳಾಗಿದ್ದರೂ ಸರಿ, ನಾನೂರು ಜನರಿಗಾದರೂ ಸರಿ, ಕ್ರಮ ಇದೇ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ

ಇನ್‌ಚಾರ್ಜ್ ಆಗಿ ಎರಡನೆಯ ವರ್ಷ. ಬೆಳಿಗ್ಗೆ ಎಂಟರ ಹ್ಯಾಂಡೋವರ್, ಅಂದರೆ ರಾತ್ರಿಯವರು ಹಗಲಿನವರಿಗೆ ಡ್ಯೂಟಿ ಒಪ್ಪಿಸುವುದು, ಆಗಷ್ಟೇ ಮುಗಿದಿತ್ತು. ಹಿರಿಯ ಸಿಸ್ಟರ್ ಒಬ್ಬರು ಚಾರ್ಟ್ ಹಿಡಿದುಕೊಂಡು ಬಂದರು. "ಆರು ಗಂಟೆಯ ಇಂಜೆಕ್ಷನ್ ಕೊಟ್ಟಿಲ್ಲ ನೋಡಿ ಸಿಸ್ಟರ್, ಸಹಿ ಇಲ್ಲ. ನೈಟಿನವಳು ಮಲಗಿಬಿಟ್ಟಿರಬೇಕು." ನೈಟ್ ಡ್ಯೂಟಿಯ ಹುಡುಗಿ ಇನ್ನೂ ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ನಾನು ನರ್ಸಿಂಗ್ ಸ್ಟೇಷನ್ನಿನ ಮುಂದೆಯೇ, ವಿದ್ಯಾರ್ಥಿನಿಯರು, ರೋಗಿಗಳ ಕಡೆಯವರು ಎಲ್ಲ ನೋಡುತ್ತಿರುವಾಗಲೇ ಅವಳನ್ನು ಬೈದೆ. "ಸಿಸ್ಟರ್, ರಾತ್ರಿ ಡಾಕ್ಟರ್..." ಎಂದು ಅವಳು ಬಾಯಿ ತೆರೆದಳು. "ಕಾರಣ ಹೇಳಬೇಡ" ಅಂದೆ. ಅವಳು ಹೇಳಲಿಲ್ಲ. ಹೊರಟುಹೋದಳು.

ಹನ್ನೊಂದಕ್ಕೆ ರೌಂಡ್ಸಿಗೆ ಬಂದ ಡಾಕ್ಟರು ಅದೇ ಚಾರ್ಟ್ ತೆಗೆದು, "ಇದನ್ನು ರಾತ್ರಿಯೇ ನಿಲ್ಲಿಸಲು ಫೋನಿನಲ್ಲಿ ಹೇಳಿದ್ದೆ, ಕ್ರಿಯಾಟಿನಿನ್ ಏರಿತ್ತು. ಸಹಿ ಹಾಕಿಬಿಡುತ್ತೇನೆ ಕೊಡಿ" ಅಂದರು. ನನಗೆ ಕಾಲ ಕೆಳಗಿನ ನೆಲ ಸರಿದ ಹಾಗಾಯಿತು. ಹ್ಯಾಂಡೋವರ್ ಪುಸ್ತಕ ತೆಗೆದು ನೋಡಿದೆ. ಎಲ್ಲ ಇತ್ತು: ರಾತ್ರಿ 2:40, ಫೋನ್ ಆರ್ಡರ್, ಔಷಧದ ಹೆಸರು, ನಿಲ್ಲಿಸಿದ ಕಾರಣ, ಡಾಕ್ಟರ್ ಸಹಿ ಬಾಕಿ. ಆ ಪುಟದಲ್ಲಿ ಜಾಗ ಮುಗಿದಿದ್ದರಿಂದ ಆ ನಾಲ್ಕು ಸಾಲು ಮುಂದಿನ ಪುಟದ ತಲೆಯಲ್ಲಿ ಬಿದ್ದಿತ್ತು. ಹಿರಿಯ ಸಿಸ್ಟರ್ ಪುಟ ತಿರುಗಿಸಿರಲಿಲ್ಲ. ನಾನಂತೂ ಪುಸ್ತಕವನ್ನೇ ಮುಟ್ಟಿರಲಿಲ್ಲ. ಒಬ್ಬ ರೋಗಿಯ ಕಿಡ್ನಿ ಉಳಿಸುವ ಕೆಲಸ ಮಾಡಿದ ಹುಡುಗಿಯನ್ನು, ಅದೇ ಕೆಲಸಕ್ಕಾಗಿ ನಾನು ಬೈದಿದ್ದೆ.

ಅದಾದ ಮೇಲೆ ಮೂರು ತಿಂಗಳು ನನ್ನ ವಾರ್ಡು ಬಹಳ ಶಿಸ್ತಿನಿಂದಿತ್ತು. ಯಾರದೂ ದೂರಿಲ್ಲ, ಜಗಳವಿಲ್ಲ. ನಾನು ಸಂತೋಷಪಟ್ಟೆ. ಆಮೇಲೆ ಒಂದು ದಿನ ಗೊತ್ತಾಯಿತು, ರೋಗಿಯ ನರಕ್ಕೆ ಔಷಧ ಹರಿಸುವ ಇನ್ಫ್ಯೂಷನ್ ಪಂಪ್ ಒಂದು ಎರಡು ವಾರದಿಂದ ತಪ್ಪು ಪ್ರಮಾಣ ತೋರಿಸುತ್ತಿದೆ, ಅದು ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೇ ಯಾರೂ ಹೇಳಿಲ್ಲ. ನಾನು ನಾಬಾಲನ ಜಾಗದಲ್ಲಿ ಕೂತಿದ್ದೆ.

ಮೊದಲು ಬಂದವರ ಮಾತು

ಜ್ಞಾನೋಕ್ತಿ 18ರಲ್ಲಿ ಎರಡು ವಚನಗಳಿವೆ, 13 ಮತ್ತು 17. ಕೇಳಿಸಿಕೊಳ್ಳುವ ಮುಂಚೆ ಉತ್ತರ ಕೊಡುವುದು ಮೂರ್ಖತನ, ಅವಮಾನ ಎನ್ನುತ್ತದೆ ಒಂದು. ಮೊದಲು ವಾದಿಸಿದವನೇ ನ್ಯಾಯವಂತನಂತೆ ಕಾಣುತ್ತಾನೆ, ಎದುರಾಳಿ ಬಂದು ವಿಚಾರಿಸುವ ತನಕ ಎನ್ನುತ್ತದೆ ಇನ್ನೊಂದು. ಸಂಡೇ ಸ್ಕೂಲಿನಲ್ಲಿ ಇವನ್ನು ಬಾಯಿಪಾಠ ಮಾಡಿದವಳು ನಾನು. ಆದರೂ ಆ ಬೆಳಿಗ್ಗೆ ನೆನಪಾಗಲಿಲ್ಲ. ಬಾಯಿಪಾಠ ಬೇರೆ, ಕೈ ಪಳಗುವುದು ಬೇರೆ.

ದಾವೀದನೂ ಇಲ್ಲೇ ಎಡವಿದ. 2 ಸಮುವೇಲ 16 ಓದಿ ನೋಡಿ. ಮಗ ಅಬ್ಷಾಲೋಮನಿಗೆ ಹೆದರಿ ರಾಜಧಾನಿ ಬಿಟ್ಟು ಓಡುತ್ತಿದ್ದಾನೆ. ದಣಿದಿದ್ದಾನೆ, ಮನಸ್ಸು ಮುರಿದಿದೆ. ಆಗ ಹಿಂದಿನ ಅರಸ ಸೌಲನ ಮೊಮ್ಮಗ ಮೆಫೀಬೋಶೆತನ ಸೇವಕ ಚೀಬ ಎದುರಾಗುತ್ತಾನೆ, ಕತ್ತೆಗಳ ಮೇಲೆ 200 ರೊಟ್ಟಿ, ಒಣದ್ರಾಕ್ಷಿಯ 100 ಗೊಂಚಲು, 100 ಹಣ್ಣು, ಒಂದು ತಿತ್ತಿ ದ್ರಾಕ್ಷಾರಸ ಹೇರಿಕೊಂಡು. ಮೊದಲು ಕಾಣಿಕೆ, ಆಮೇಲೆ ಕಥೆ: ನನ್ನ ಯಜಮಾನ ನಿನಗೆ ದ್ರೋಹ ಮಾಡಿದ, ರಾಜ್ಯ ತನಗೆ ಬರುತ್ತದೆಂದು ಕಾಯುತ್ತಾ ಯೆರೂಸಲೇಮಿನಲ್ಲೇ ಉಳಿದಿದ್ದಾನೆ. ದಾವೀದ ನಿಂತಲ್ಲೇ ಮೆಫೀಬೋಶೆತನ ಆಸ್ತಿಯನ್ನೆಲ್ಲ ಚೀಬನಿಗೆ ಬರೆದುಕೊಟ್ಟ ಹಾಗೆ ಕೊಟ್ಟುಬಿಟ್ಟ. 19ನೇ ಅಧ್ಯಾಯದಲ್ಲಿ ಮೆಫೀಬೋಶೆತ ಬಂದು ನಿಲ್ಲುತ್ತಾನೆ. ಅರಸ ಹೊರಟ ದಿನದಿಂದ ಅವನು ಕಾಲಿನ ಆರೈಕೆ ಮಾಡಿಕೊಂಡಿಲ್ಲ, ಗಡ್ಡ ತೀಡಿಲ್ಲ, ಬಟ್ಟೆ ಒಗೆದಿಲ್ಲ. ಸೇವಕ ನನ್ನನ್ನು ಮೋಸಗೊಳಿಸಿದ, ನಾನು ಕುಂಟ ಎನ್ನುತ್ತಾನೆ. ದಾವೀದನ ಬಳಿ ಈಗ ಸರಿಯಾದ ತೀರ್ಪಿಲ್ಲ. ಹೊಲವನ್ನು ಇಬ್ಬರೂ ಹಂಚಿಕೊಳ್ಳಿ ಎಂದುಬಿಡುತ್ತಾನೆ. ಅವಸರದಲ್ಲಿ ಕೊಟ್ಟದ್ದನ್ನು ವಾಪಸು ಪಡೆಯಲೂ ಆಗದೆ, ಹಾಗೇ ಬಿಡಲೂ ಆಗದೆ ಅರ್ಧ ಮಾಡಿದ ತೀರ್ಪು ಅದು. ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು ಎಂದು ಗ್ರಂಥಕರ್ತ ಬಿಡಿಸಿ ಹೇಳುವುದೂ ಇಲ್ಲ.

ಇದರಿಂದ ನಾನು ಮಾಡಿಕೊಂಡ ರೂಢಿ ಹೇಳುತ್ತೇನೆ. ಯಾರಾದರೂ ಇನ್ನೊಬ್ಬರ ಮೇಲೆ ದೂರು ತಂದರೆ ಮೂರು ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ನೀವು ಕಣ್ಣಾರೆ ನೋಡಿದ್ದು ಯಾವುದು? ಊಹೆ ಮಾಡಿದ್ದು ಯಾವುದು? ಅವರನ್ನೇ ಕೇಳಿದಿರಾ? ಅವತ್ತು ನಾನು ಇದನ್ನು ಕೇಳಿದ್ದರೆ ಉತ್ತರ ಹೀಗಿರುತ್ತಿತ್ತು: ನೋಡಿದ್ದು, ಸಹಿ ಇಲ್ಲದ ಖಾನೆ. ಊಹೆ, ಮಲಗಿದ್ದಳು ಎಂಬುದು. ಕೇಳಿಲ್ಲ. ಒಂದು ನಿಮಿಷದ ಕೆಲಸ. ದೂರು ತಂದವರಿಗೆ ಸಮಾಧಾನವಾಗಲಿ ಎಂದು "ಹೌದಾ, ಅವಳು ಯಾವಾಗಲೂ ಹಾಗೇ" ಎಂಬಂಥ ಮಾತನ್ನು ಅಪ್ಪಿತಪ್ಪಿಯೂ ಆಡಬೇಡಿ. "ನೀವು ಹೇಳಿದ್ದು ಕೇಳಿಸಿಕೊಂಡೆ. ಅವರನ್ನೂ ಕೇಳಿ ನಿಮಗೆ ಹೇಳುತ್ತೇನೆ" ಎಂದರೆ ಸಾಕು. ಮತ್ತೊಂದು: ನಿಮಗೆ ಉಪಕಾರ ಮಾಡಿದವರು, ನೀವು ದಣಿದ ಹೊತ್ತಿನಲ್ಲಿ ಕೈಹಿಡಿದವರು ದೂರು ತಂದಾಗ ಎರಡರಷ್ಟು ಎಚ್ಚರ ಬೇಕು. ಅವರು ಕೆಟ್ಟವರೆಂದಲ್ಲ. ಋಣದ ಭಾರ ಇರುವಾಗ ನಮ್ಮ ಕಿವಿ ಒಂದು ಕಡೆಗೆ ವಾಲಿರುತ್ತದೆ.

ಕತ್ತಿಯ ಮುಂಚಿನ ವಚನ

ಅರಸ ಸೊಲೊಮೋನ ಮತ್ತು ಒಂದೇ ಮಗುವನ್ನು ತನ್ನದು ತನ್ನದು ಎಂದು ಜಗಳಾಡಿದ ಇಬ್ಬರು ತಾಯಂದಿರ ಕಥೆ ಗೊತ್ತಿಲ್ಲದವರಿಲ್ಲ. ಎಲ್ಲರಿಗೂ ನೆನಪಿರುವುದು ಮಗುವನ್ನು ಎರಡು ಭಾಗ ಮಾಡಿ ಎಂದು ಅವನು ತರಿಸಿದ ಕತ್ತಿ. ನನಗೆ ಇಷ್ಟವಾದದ್ದು ಕತ್ತಿ ತರಿಸುವ ಮುಂಚಿನ ವಚನ, 1 ಅರಸುಗಳು 3:23. ಅಲ್ಲಿ ಅರಸ ಏನೂ ತೀರ್ಮಾನ ಹೇಳುವುದಿಲ್ಲ. ಇವಳು ಹೇಳುವುದು ಇದು, ಅವಳು ಹೇಳುವುದು ಅದು ಎಂದು ಇಬ್ಬರ ಮಾತನ್ನೂ ಅವರೆದುರೇ ತಿರುಗಿ ಹೇಳುತ್ತಾನೆ. ಅಷ್ಟೇ. ಅವನು ಗಿಬ್ಯೋನಿನಲ್ಲಿ ದೇವರ ಬಳಿ ಬೇಡಿಕೊಂಡದ್ದು ಜ್ಞಾನ ಎಂದು ನಾವು ಹೇಳುತ್ತೇವೆ; ಇಬ್ರಿಯ ಮೂಲದಲ್ಲಿ ಆ ಮಾತಿನ ನೇರ ಅರ್ಥ ಕೇಳುವ ಹೃದಯ. ಕೇಳುವ ಹೃದಯ ಬೇಡಿದವನು ಕೇಳಿದ್ದನ್ನು ತಿರುಗಿ ಹೇಳಿ ತೋರಿಸಿದ.

ಇದನ್ನು ನೀವು ನಾಳೆಯೇ ಮಾಡಿ ನೋಡಬಹುದು. ಒಬ್ಬರ ಮಾತು ಮುಗಿದ ಮೇಲೆ, "ನೀವು ಹೇಳಿದ್ದು ನನಗೆ ಹೀಗೆ ಅರ್ಥವಾಯಿತು" ಎಂದು ನಿಮ್ಮ ಮಾತಿನಲ್ಲಿ ಹೇಳಿ, "ಸರಿಯಾ?" ಎಂದು ಕೇಳಿ. ಅವರು "ಹೌದು" ಎನ್ನುವ ತನಕ ಮುಂದೆ ಹೋಗಬೇಡಿ. ಅನುಭವದಿಂದ ಹೇಳುತ್ತೇನೆ, ಮೊದಲ ಸಲ ಅವರು "ಅದಲ್ಲ ಸಿಸ್ಟರ್" ಎನ್ನುವುದೇ ಹೆಚ್ಚು. ಆ "ಅದಲ್ಲ" ಎಂಬುದರ ಹಿಂದೆ ನಿಜವಾದ ವಿಷಯ ಬರುತ್ತದೆ. ರಜೆಯ ಜಗಳ ಎಂದುಕೊಂಡದ್ದು ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯ ವಿಷಯವಾಗಿರುತ್ತದೆ. ಮನುಷ್ಯನ ಮನಸ್ಸಿನ ಆಲೋಚನೆ ಆಳದ ನೀರು, ವಿವೇಕಿ ಅದನ್ನು ಸೇದಿ ತೆಗೆಯುತ್ತಾನೆ ಎಂದು ಜ್ಞಾನೋಕ್ತಿ 20:5 ಹೇಳುವುದು ಇದನ್ನೇ. ಸೇದುವ ಕೆಲಸಕ್ಕೆ ಹಗ್ಗ ಉದ್ದವಿರಬೇಕು, ತಾಳ್ಮೆಯೂ ಇರಬೇಕು.

ಸೊಲೊಮೋನನ ಕಥೆಯಿರುವ ಆ ಅಧ್ಯಾಯದ ಕೊನೆಯ ವಚನವನ್ನೂ ಓದಿ. ಆ ತೀರ್ಪನ್ನು ಇಸ್ರಾಯೇಲ್ಯರೆಲ್ಲ ಕೇಳಿ ಅರಸನಿಗೆ ಭಯಭಕ್ತಿಯಿಂದ ನಡೆದುಕೊಂಡರು, ದೇವರ ಜ್ಞಾನ ಅವನಲ್ಲಿದೆ ಎಂದು ಕಂಡರು. ಕಿರೀಟ ಅವನಿಗೆ ಮೊದಲೇ ಇತ್ತು. ಜನರ ಮನಸ್ಸಿನಲ್ಲಿ ಜಾಗ ಸಿಕ್ಕಿದ್ದು ಯಾರೂ ಲೆಕ್ಕಕ್ಕಿಡದ ಇಬ್ಬರು ವೇಶ್ಯೆಯರ ವ್ಯಾಜ್ಯವನ್ನು ಕೂತು ಕೇಳಿದ ಮೇಲೆ. ಚಿಕ್ಕವರ ಚಿಕ್ಕ ಜಗಳ ಎಂದು ತಳ್ಳಿಹಾಕುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಮೂರು ದಿನ

ಬೈಬಲಿನಲ್ಲಿ ಮೂರು ದಿನ ಎಂಬ ಮಾತು ನಾಯಕರ ಕಥೆಗಳಲ್ಲಿ ಬಂದಾಗ ಪೆನ್ಸಿಲಿನಿಂದ ಗೆರೆ ಎಳೆಯುವುದು ನನ್ನ ಅಭ್ಯಾಸವಾಗಿದೆ. ಇದರಿಂದ ಸಿದ್ಧಾಂತ ಕಟ್ಟುವ ಉದ್ದೇಶವಿಲ್ಲ. ಆದರೆ ಮೂರು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಕಲಿಯುವುದು ಬಹಳವಿದೆ.

ಯೆಹೋಶುವ 9ರಲ್ಲಿ ಗಿಬ್ಯೋನ್ಯರು ಇಸ್ರಾಯೇಲ್ಯರಿಗೆ ಹೆದರಿ, ಒಪ್ಪಂದ ಮಾಡಿಕೊಳ್ಳಲು ದೂರದೇಶದವರ ವೇಷ ಹಾಕಿಕೊಂಡು ಬರುತ್ತಾರೆ. ಹರಿದ ಗೋಣಿ, ತೇಪೆ ಹಾಕಿದ ಕೆರ, ಬೂಷ್ಟು ಹಿಡಿದ ರೊಟ್ಟಿ. ಇಸ್ರಾಯೇಲ್ಯರು ಆ ಆಹಾರವನ್ನು ಪರೀಕ್ಷಿಸಿಯೂ ನೋಡಿದರು, ಆದರೆ ಯೆಹೋವನನ್ನು ಕೇಳಲಿಲ್ಲ. ಒಪ್ಪಂದ ಮಾಡಿ ಆಣೆಯಿಟ್ಟರು. ಮೂರು ದಿನ ಕಳೆದ ಮೇಲೆ ಗೊತ್ತಾಯಿತು, ಅವರು ನೆರೆಯವರೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರಲ್ಲ, ಅದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಸಾಕ್ಷ್ಯ ಇಲ್ಲದಿರುವುದು ಅಲ್ಲಿ ತೊಂದರೆಯಾಗಲಿಲ್ಲ. ಸಾಕ್ಷ್ಯ ಬೇಕಾದ್ದಕ್ಕಿಂತ ಹೆಚ್ಚು ಅಚ್ಚುಕಟ್ಟಾಗಿತ್ತು. ಎಲ್ಲವನ್ನೂ ಜೋಡಿಸಿಕೊಂಡು ಬಂದು ಈಗಲೇ ಸಹಿ ಹಾಕಿ ಎನ್ನುವವರ ಮುಂದೆ ಪೆನ್ನು ಕೆಳಗಿಡುವುದನ್ನು ಕಲಿಯಿರಿ.

ಸೊಲೊಮೋನನ ಮಗ ರೆಹಬ್ಬಾಮ ಮೂರು ದಿನ ಕೇಳಿ ಪಡೆದವನು. ಶೆಕೆಮಿನಲ್ಲಿ ಜನ ಬಂದು, ನಿನ್ನ ತಂದೆ ನಮ್ಮ ನೊಗ ಭಾರ ಮಾಡಿದ, ಹಗುರ ಮಾಡು ಎಂದಾಗ, ಮೂರು ದಿನ ಬಿಟ್ಟು ಬನ್ನಿ ಎಂದ. ಸರಿಯಾದ ಹೆಜ್ಜೆಯೇ. ಹಿರಿಯರನ್ನು ಕೇಳಿದ, ಅದೂ ಸರಿಯೇ. ಆದರೆ 1 ಅರಸುಗಳು 12ರಲ್ಲಿ ಪ್ರಶ್ನೆಗಳನ್ನು ಗಮನಿಸಿ. ಹಿರಿಯರ ಬಳಿ ಅವನ ಪ್ರಶ್ನೆ, ಈ ಜನಕ್ಕೆ ಉತ್ತರ ಕೊಡಲು ನಿಮ್ಮ ಸಲಹೆ ಏನು ಎಂದು. ತನ್ನೊಂದಿಗೆ ಬೆಳೆದ ಗೆಳೆಯರ ಬಳಿ ಹೋದಾಗ, ನಾವು ಏನು ಉತ್ತರ ಕೊಡೋಣ ಎಂದು. ಆ ನಾವು ಎಂಬ ಮಾತಿನಲ್ಲಿ ತೀರ್ಮಾನ ಆಗಲೇ ಆಗಿಹೋಗಿದೆ. ಗೆಳೆಯರು ಹೇಳಿಕೊಟ್ಟ ಕಟುಮಾತು ಆಡಿದ. ಹತ್ತು ಕುಲ ಕೈಬಿಟ್ಟು ಹೋದವು. ಸಲಹೆ ಕೇಳುವುದೂ, ನಮಗೆ ಬೇಕಾದ ಉತ್ತರ ಸಿಗುವ ತನಕ ಊರೆಲ್ಲ ಸುತ್ತುವುದೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಇನ್ನು ನೆಹೆಮೀಯ, ಪರ್ಷಿಯದ ಅರಸನ ಅಪ್ಪಣೆ ಪಡೆದು ಯೆರೂಸಲೇಮಿನ ಬಿದ್ದ ಗೋಡೆ ಕಟ್ಟಿಸಲು ಹೊರಟವನು. ಯೆರೂಸಲೇಮಿಗೆ ಬಂದು ಮೂರು ದಿನ ಯಾರಿಗೂ ಏನೂ ಹೇಳುವುದಿಲ್ಲ. ಅರಸನ ಪತ್ರ ಕೈಯಲ್ಲಿದೆ, ಬಂದ ದಿನವೇ ಸಭೆ ಕರೆದು ಭಾಷಣ ಮಾಡಬಹುದಿತ್ತು. ಅದರ ಬದಲು ರಾತ್ರಿ ಎದ್ದು, ಕೆಲವೇ ಜನರನ್ನು ಕರೆದುಕೊಂಡು, ತಾನು ಕೂತ ಒಂದು ಪ್ರಾಣಿಯ ಹೊರತು ಬೇರೆ ಪ್ರಾಣಿಯಿಲ್ಲದೆ ಗೋಡೆ ನೋಡಲು ಹೋಗುತ್ತಾನೆ. ಒಡೆದ ಗೋಡೆ, ಸುಟ್ಟ ಬಾಗಿಲು. ಒಂದು ಕಡೆ ಪ್ರಾಣಿ ದಾಟಲೂ ದಾರಿಯಿಲ್ಲ. ಎಲ್ಲ ಕಣ್ಣಾರೆ ನೋಡಿದ ಮೇಲೆ ಬಾಯಿ ತೆರೆದ. ಅವನ ಮಾತು ಮುಗಿದದ್ದೇ ತಡ ಜನ, ಏಳಿ ಕಟ್ಟೋಣ ಎಂದರು. 52 ದಿನಗಳಲ್ಲಿ ಗೋಡೆ ಮುಗಿಯಿತು.

ಕೂತಲ್ಲೇ ಕಾಯುವುದರಿಂದ ಏನೂ ಬರುವುದಿಲ್ಲ. ಆ ದಿನಗಳಲ್ಲಿ ನೀವೇ ಹೋಗಿ ನೋಡಬೇಕು. ನೈಟ್ ಡ್ಯೂಟಿಯ ಬಗ್ಗೆ ದೂರು ಬಂದಾಗ ನಾನು ಕಲಿತದ್ದು ಇದು: ರಾತ್ರಿ ಮೂರಕ್ಕೆ ವಾರ್ಡಿಗೆ ಹೋಗಿ ಒಂದು ಗಂಟೆ ಸುಮ್ಮನೆ ಕೂರುವುದು. ಹಿಡಿಯಲು ಹೋಗುವುದಲ್ಲ, ನೋಡಲು. ಹಗಲಿನಲ್ಲಿ ನನ್ನ ಮೇಜಿನ ಮುಂದೆ ಹೇಳಿದ ಯಾವ ಮಾತೂ, ಒಬ್ಬಳೇ ಹುಡುಗಿ ಮೂರು ಬೆಲ್ಲುಗಳ ನಡುವೆ ಓಡುವುದನ್ನು ನೋಡಿದಷ್ಟು ತಿಳಿಸಲಿಲ್ಲ.

ಕಾಯಲು ಆಗದ ಹೊತ್ತಿನಲ್ಲಿ

ರೋಗಿಯ ಹೃದಯ ನಿಂತಾಗ ಮೂರು ದಿನ ಕಾಯಲು ಆಗುತ್ತದಾ ಎಂದು ಕೇಳಿದರೆ, ಖಂಡಿತ ಇಲ್ಲ. ಆ ಹೊತ್ತಿನ ವಿವೇಕವನ್ನು ಮುಂಚೆಯೇ ಕೂಡಿಟ್ಟಿರಬೇಕು. ಇಬ್ರಿಯರಿಗೆ ಬರೆದ ಪತ್ರ 5:14 ಹೇಳುವ ಹಾಗೆ, ಅಭ್ಯಾಸದಿಂದ ಪಳಗಿದ ಇಂದ್ರಿಯಗಳು ಒಳ್ಳೆಯದು ಕೆಟ್ಟದ್ದು ಗುರುತಿಸುತ್ತವೆ. ಅಬೀಗೈಲಳನ್ನೇ ನೋಡಿ. ಆಳು ಸುದ್ದಿ ತಂದ ಕೂಡಲೇ ಅವಳು ತ್ವರೆಯಾಗಿ ಎದ್ದು, ಆಹಾರ ಹೇರಿಕೊಂಡು ದಾವೀದನನ್ನು ತಡೆಯಲು ಹೊರಟಳು, ಗಂಡನನ್ನೂ ಕೇಳಲಿಲ್ಲ. ಅದೇ ಅಬೀಗೈಲ ಅದೇ ರಾತ್ರಿ ಮನೆಗೆ ಬಂದಾಗ ನಾಬಾಲ ಕುಡಿದು ಮತ್ತನಾಗಿದ್ದ. ಬೆಳಗಾಗುವ ತನಕ ಅವನಿಗೆ ಚಿಕ್ಕದಾಗಲಿ ದೊಡ್ಡದಾಗಲಿ ಒಂದು ಮಾತೂ ಹೇಳಲಿಲ್ಲ. ಒಂದೇ ಅಧ್ಯಾಯದಲ್ಲಿ ಅವಸರವೂ ಇದೆ, ತಡೆಯೂ ಇದೆ. ದಾವೀದ ಅವಳ ವಿವೇಕವನ್ನು ಹೊಗಳಿ, ನನ್ನನ್ನು ರಕ್ತಾಪರಾಧದಿಂದ ತಡೆದೆ ಎಂದ.

ನಾನು ನನಗೇ ಕೇಳಿಕೊಳ್ಳುವ ಪ್ರಶ್ನೆ: ಈಗ ಸುಮ್ಮನಿದ್ದರೆ ಯಾರಿಗಾದರೂ ಪೆಟ್ಟಾಗುತ್ತದಾ? ಹೌದಾದರೆ ಕೂಡಲೇ ಕೆಲಸ. ಪೆಟ್ಟಾಗುವುದು ನನ್ನ ಅಭಿಮಾನಕ್ಕೆ ಮಾತ್ರ ಎಂದಾದರೆ ಕಾಯಬಹುದು. ಆ ಬೆಳಿಗ್ಗೆ ಇಂಜೆಕ್ಷನ್ ತಪ್ಪಿದೆ ಎಂದೇ ಇಟ್ಟುಕೊಳ್ಳೋಣ. ಕೂಡಲೇ ಮಾಡಬೇಕಿದ್ದದ್ದು ಡಾಕ್ಟರಿಗೆ ಫೋನ್. ಬೈಗುಳಕ್ಕೆ ಅವಸರವೇನೂ ಇರಲಿಲ್ಲ.

ಸಿಟ್ಟು ಬಂದಾಗಲಂತೂ ನೆಹೆಮೀಯ 5 ನನ್ನ ಪಾಠ. ಬಡವರಿಂದ ಬಡ್ಡಿ ಕೀಳುತ್ತಿದ್ದಾರೆಂಬ ಕೂಗು ಕೇಳಿ ಅವನಿಗೆ ಬಹಳ ಕೋಪ ಬಂತು. ಮುಂದಿನ ವಚನದಲ್ಲಿ, ನನ್ನೊಳಗೆ ಆಲೋಚಿಸಿಕೊಂಡು ಆಮೇಲೆ ಶ್ರೀಮಂತರನ್ನೂ ಅಧಿಕಾರಿಗಳನ್ನೂ ತರಾಟೆಗೆ ತೆಗೆದುಕೊಂಡೆ ಎನ್ನುತ್ತಾನೆ. ಕೋಪವನ್ನು ನುಂಗಲೂ ಇಲ್ಲ, ಕಾರಲೂ ಇಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯನ್ನು ನಾನು ಆ ಹುಡುಗಿಯ ಮುಖ ನೆನೆದಾಗಲೆಲ್ಲ ನೆನೆಯುತ್ತೇನೆ. ಈಗ ಸಿಟ್ಟು ಬಂದರೆ ಲಿನನ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಮಡಚಿದ ಬೆಡ್‌ಶೀಟುಗಳ ಎದುರು ನಿಂತು ಸೊಲೊಮೋನನ ಬೇಡಿಕೆಯನ್ನೇ ಬೇಡುತ್ತೇನೆ: ಕರ್ತನೇ, ಕೇಳುವ ಹೃದಯ ಕೊಡು. ಯಾಕೋಬ 1:5ರ ಮಾತು ನನ್ನ ಪಾಲಿಗೆ ಸತ್ಯವಾಗಿದೆ. ಜ್ಞಾನ ಕೇಳಿದವರನ್ನು ದೇವರು ಹಂಗಿಸುವುದಿಲ್ಲ.

ಯಾರನ್ನು ಕೇಳುವುದು

ಇಷ್ಟು ಸಾಕು: ನಿಮ್ಮ ಅಭಿಪ್ರಾಯ ಹೇಳುವ ಮುಂಚೆ ಅವರ ಅಭಿಪ್ರಾಯ ಕೇಳಿ. ಹುದ್ದೆಯಲ್ಲಿ ಚಿಕ್ಕವರಿಂದ ಶುರು ಮಾಡಿ, ಏಕೆಂದರೆ ದೊಡ್ಡವರು ಮಾತಾಡಿದ ಮೇಲೆ ಚಿಕ್ಕವರು ತಲೆಯಾಡಿಸುವುದೇ ಹೆಚ್ಚು. ಕೇಳುವವರಲ್ಲಿ ಒಬ್ಬರಾದರೂ ನಿಮ್ಮಿಂದ ಏನೂ ಆಗಬೇಕಾಗಿಲ್ಲದವರಿರಲಿ. ಮೋಶೆಗೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ನ್ಯಾಯ ತೀರಿಸುವುದು ಸರಿಯಲ್ಲ, ನೀನೂ ಬಳಲುತ್ತೀ ಜನರೂ ಬಳಲುತ್ತಾರೆ ಎಂದು ಹೇಳಿದ್ದು ಅವನ ಮಾವ ಇತ್ರೋ. ಹೇಳಿದ್ದನ್ನು ಹೇಳಿ ತನ್ನ ದೇಶಕ್ಕೆ ಹೊರಟುಹೋದ. ಆ ಸಲಹೆಯಿಂದ ಅವನಿಗೆ ಹುದ್ದೆಯೂ ಬರಲಿಲ್ಲ, ಲಾಭವೂ ಬರಲಿಲ್ಲ. ಅಂಥ ಒಬ್ಬರನ್ನು ಹುಡುಕಿಕೊಳ್ಳಿ.

ಎರಡೂ ಕಡೆ ವಾಲಬಹುದು

ಇದನ್ನು ಹೇಳಲೇಬೇಕು, ಏಕೆಂದರೆ ಇದರಲ್ಲೂ ನಾನು ಜಾರಿದ್ದೇನೆ. ಆ ಘಟನೆಯ ನಂತರ ನನಗೆ ಎಷ್ಟು ನಾಚಿಕೆಯಾಗಿತ್ತೆಂದರೆ, ಜಗಳ ಬಂದಾಗಲೆಲ್ಲ ಕಿರಿಯರ ಪರವೇ ನಿಲ್ಲತೊಡಗಿದೆ. ಅದೂ ನ್ಯಾಯವಲ್ಲ. ಒಬ್ಬ ಹಿರಿಯ ಸಿಸ್ಟರ್ ಸರಿಯಾಗಿಯೇ ತಿದ್ದಿದ್ದನ್ನು ನಾನು ದಬ್ಬಾಳಿಕೆ ಎಂದುಕೊಂಡು ಅವರ ಮನಸ್ಸು ನೋಯಿಸಿದೆ. ವಿಮೋಚನಕಾಂಡ 23ರಲ್ಲಿ ಬಹುಜನರ ಹಿಂದೆ ಹೋಗಿ ನ್ಯಾಯ ಕೆಡಿಸಬೇಡ ಎಂದ ಬೆನ್ನಿಗೇ, ಬಡವನ ವ್ಯಾಜ್ಯದಲ್ಲಿ ಅವನ ಮುಖ ನೋಡಿ ಪಕ್ಷ ವಹಿಸಬೇಡ ಎಂದೂ ಇದೆ. ಮೊದಲ ಸಲ ಅದನ್ನು ಓದಿದಾಗ ಆಶ್ಚರ್ಯವಾಗಿತ್ತು. ಬಡವರ ಪರ ಅಷ್ಟೊಂದು ಮಾತಾಡುವ ಧರ್ಮಶಾಸ್ತ್ರ ಹೀಗೇಕೆ ಹೇಳುತ್ತದೆ ಎಂದು. ಕನಿಕರ ಒಂದು, ತೀರ್ಪು ಒಂದು. ಕನಿಕರವನ್ನು ಸಹಾಯ ಮಾಡುವುದರಲ್ಲಿ ತೋರಿಸಿ, ಯಾರು ಏನು ಮಾಡಿದರು ಎಂದು ಹೇಳುವಾಗ ಬೆರೆಸಬೇಡಿ.

ತೀರ್ಮಾನ ಹೇಳುವ ಬಗೆ

ತೀರ್ಮಾನವನ್ನು ಕಾರಣ ಸಮೇತ ಹೇಳಿ. ಅಪೊಸ್ತಲರ ಕೃತ್ಯಗಳು 15ರಲ್ಲಿ, ಯೇಸುವನ್ನು ನಂಬಿದ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಸುನ್ನತಿ ಬೇಕೇ ಎಂಬ ದೊಡ್ಡ ವಿವಾದ. ಬಹಳ ವಾದವಾಯಿತು. ಪೇತ್ರ ಮಾತಾಡಿದ, ಬಾರ್ನಬ ಮತ್ತು ಪೌಲ ತಾವು ಕಂಡದ್ದನ್ನು ಹೇಳಿದರು, ಕೊನೆಗೆ ಯಾಕೋಬ ಪ್ರವಾದಿಗಳ ಮಾತಿಗೆ ಹೊಂದಿಸಿ ತೀರ್ಮಾನ ಹೇಳಿದ. ಅಷ್ಟಕ್ಕೇ ಬಿಡದೆ ಪತ್ರ ಬರೆದರು. ಅದನ್ನು ಬಾಯಿಮಾತಿನಿಂದಲೂ ವಿವರಿಸಲು ಯೂದ, ಸೀಲ ಎಂಬಿಬ್ಬರನ್ನು ಜೊತೆಗೆ ಕಳುಹಿಸಿದರು. ಅಂತಿಯೋಕ್ಯದವರು ಓದಿ ಸಂತೋಷಪಟ್ಟರು.

ಅದಕ್ಕೂ ಮುಂಚಿನ ಆರನೇ ಅಧ್ಯಾಯ ನನಗೆ ಇನ್ನೂ ಹತ್ತಿರ. ಗ್ರೀಕ್ ಮಾತಾಡುವವರ ವಿಧವೆಯರನ್ನು ದಿನದ ಹಂಚಿಕೆಯಲ್ಲಿ ಬಿಡುತ್ತಿದ್ದಾರೆ ಎಂಬ ಗುಣುಗುಟ್ಟುವಿಕೆ. ಅಪೊಸ್ತಲರು ಗುಣುಗುಟ್ಟಿದವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿ ಎಂದರು, ಸಭೆ ಆರಿಸಿತು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರು ಗ್ರೀಕ್ ಹೆಸರುಗಳೇ. ಹಂಚುವ ಕೈ ಬದಲಾಯಿತು. ನಮ್ಮ ವಾರ್ಡಿನಲ್ಲಿ ಭಾನುವಾರದ ಡ್ಯೂಟಿ ಯಾವಾಗಲೂ ಅದೇ ಕೆಲವರಿಗೆ ಬೀಳುತ್ತದೆ ಎಂದು ಗೊಣಗಾಟ ಎದ್ದಾಗ ನಾನು ಇದನ್ನೇ ಮಾಡಿದೆ. ಗೊಣಗಿದವರಲ್ಲೇ ಇಬ್ಬರ ಕೈಗೆ ಖಾಲಿ ರೋಸ್ಟರ್ ಹಾಳೆ, ರಬ್ಬರ್, ಪೆನ್ಸಿಲ್ ಕೊಟ್ಟು, ಮುಂದಿನ ತಿಂಗಳಿನದು ನೀವೇ ಮಾಡಿಕೊಂಡು ಬನ್ನಿ, ಕೂತು ನೋಡೋಣ ಅಂದೆ. ನಾಲ್ಕು ದಿನ ಅಳಿಸಿ ಬರೆದು ತಂದರು. ನನ್ನದಕ್ಕಿಂತ ಚೆನ್ನಾಗಿತ್ತು, ಎರಡು ಕಡೆ ಮಾತ್ರ ತಿದ್ದಿದೆ, ಯಾಕೆ ತಿದ್ದಿದೆ ಎಂದೂ ಹೇಳಿದೆ.

ಇನ್ನೊಂದು ಅಭ್ಯಾಸ. ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ದೊಡ್ಡ ತೀರ್ಮಾನ ಮಾಡಿದ ದಿನ ನಾಲ್ಕು ಸಾಲು ಬರೆಯಿರಿ: ಏನು ತೀರ್ಮಾನಿಸಿದೆ, ಯಾವ ಕಾರಣಕ್ಕೆ, ಯಾರನ್ನು ಕೇಳಿದೆ, ಏನಾಗುತ್ತದೆಂದುಕೊಂಡಿದ್ದೇನೆ. ಆರು ತಿಂಗಳ ಮೇಲೆ ತೆಗೆದು ಓದಿ. ನನ್ನ ಪುಸ್ತಕದಲ್ಲಿ ಕಂಡ ಸತ್ಯ ಏನೆಂದರೆ, ನೈಟ್ ಡ್ಯೂಟಿ ಮುಗಿದ ಮರುದಿನ ಮಾಡಿದ ತೀರ್ಮಾನಗಳೇ ಹೆಚ್ಚು ಕೆಟ್ಟಿದ್ದವು. ಅಂದಿನಿಂದ ನಿದ್ದೆಗೆಟ್ಟ ದಿನ ಯಾರ ವಿಷಯವನ್ನೂ ಇತ್ಯರ್ಥ ಮಾಡುವುದಿಲ್ಲ ಎಂದು ಇಟ್ಟುಕೊಂಡೆ.

ತಪ್ಪಿದಾಗ

ತಪ್ಪಿದ ತೀರ್ಪನ್ನು ತಿದ್ದುವುದು ಹೇಗೆ ಎಂಬುದನ್ನು ಕೊನೆಗೆ ಇಟ್ಟಿದ್ದೇನೆ. ಎಲ್ಲರೆದುರು ಮಾಡಿದ ತಪ್ಪನ್ನು ಮೂಲೆಯಲ್ಲಿ ಕರೆದು ಸರಿಮಾಡಲು ಬರುವುದಿಲ್ಲ. ಪಂಪಿನ ವಿಷಯ ಗೊತ್ತಾದ ಮರುದಿನ ಬೆಳಿಗ್ಗೆ, ಹ್ಯಾಂಡೋವರಿಗೆ ಎಲ್ಲರೂ ನಿಂತಿದ್ದಾಗ, ಮೂರು ತಿಂಗಳ ಹಿಂದಿನ ಆ ಪುಟ ತೆರೆದಿಟ್ಟೆ. ರಾತ್ರಿ 2:40ರ ಆ ಸಾಲುಗಳನ್ನು ಗಟ್ಟಿಯಾಗಿ ಓದಿದೆ. "ಇದನ್ನು ನಾನು ಓದದೆ ಬೈದೆ. ಇವಳು ಹೇಳಲು ಬಂದಾಗ ತಡೆದೆ. ತಪ್ಪು ನನ್ನದು. ಅದನ್ನು ಹೇಳಲು ಮೂರು ತಿಂಗಳು ತೆಗೆದುಕೊಂಡದ್ದು ಎರಡನೆಯ ತಪ್ಪು" ಅಂದೆ. ಆದರೆ ಎಂಬ ಮಾತನ್ನು ಸೇರಿಸಲಿಲ್ಲ. ಹಿರಿಯ ಸಿಸ್ಟರ್ ಪುಟ ತಿರುಗಿಸದೆ ಹೋದದ್ದನ್ನು ಎತ್ತಲಿಲ್ಲ; ಅದನ್ನು ಅವರೊಂದಿಗೆ ಬೇರೆಯಾಗಿ ಮಾತಾಡಿದೆ. ಹುಡುಗಿ ಏನೂ ಹೇಳಲಿಲ್ಲ. ಕೀಲಿ ತೆಗೆದುಕೊಂಡು ಔಷಧ ಎಣಿಸಲು ಹೋದಳು. ಕ್ಷಮೆ ಕೇಳಿದ ಕೂಡಲೇ ಅವರು ಕರಗಬೇಕು ಎಂದು ನಿರೀಕ್ಷಿಸಬೇಡಿ. ಅವರಿಗೂ ನಿಮ್ಮನ್ನು ಪರೀಕ್ಷಿಸಿ ನೋಡಲು ದಿನ ಬೇಕು.

ಆರು ವಾರ ಕಳೆದಿರಬೇಕು. ನೈಟ್ ಮುಗಿಸಿ ಎಲ್ಲರೂ ಹೋದ ಮೇಲೆ ಅವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅಂಗೈಯಲ್ಲಿ ಎರಡು ವಯಲ್. ಒಂದೇ ಗಾತ್ರ, ಒಂದೇ ಬಣ್ಣದ ಮುಚ್ಚಳ, ಲೇಬಲ್ಲಿನ ಅಕ್ಷರವೂ ಹೆಚ್ಚುಕಡಿಮೆ ಒಂದೇ. ಒಂದರ ಬದಲು ಇನ್ನೊಂದನ್ನು ಸಿರಿಂಜಿಗೆ ಎಳೆದಿದ್ದಳಂತೆ. ಹಾಸಿಗೆಯ ಪಕ್ಕ ನಿಂತು ಕೊಡುವ ಮುಂಚೆ ಮತ್ತೊಮ್ಮೆ ಲೇಬಲ್ ಓದಿದಾಗ ಕಂಡು, ಚೆಲ್ಲಿ ಬೇರೆ ತುಂಬಿಕೊಂಡಳಂತೆ. ಯಾರೂ ನೋಡಿರಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕುರ್ಚಿ ಎಳೆದು ಕೂರಿಸಿ, "ಮೊದಲಿನಿಂದ ಹೇಳು" ಅಂದೆ. ಹೇಳಿದಳು. ನಾನು ಕೇಳಿದ್ದನ್ನು ತಿರುಗಿ ಹೇಳಿ, ಸರಿಯಾ ಎಂದು ಕೇಳಿದೆ. "ಅದಲ್ಲ ಸಿಸ್ಟರ್, ಎರಡೂ ಒಂದೇ ಟ್ರೇನಲ್ಲಿ ಇದ್ದವು" ಅಂದಳು. ಇಬ್ಬರೂ ಎದ್ದು ಹೋಗಿ ಔಷಧದ ಬೀರು ತೆಗೆದೆವು. ನಿಜ, ಪಕ್ಕಪಕ್ಕದಲ್ಲೇ ಇದ್ದವು. ಇನ್ಸಿಡೆಂಟ್ ಫಾರಂ ತುಂಬಿದೆವು. ಅವತ್ತೇ ಒಂದನ್ನು ಕೆಳಗಿನ ಶೆಲ್ಫಿಗೆ ಇಳಿಸಿ, ಮುಂದೆ ಕೆಂಪು ಸ್ಟಿಕ್ಕರ್ ಅಂಟಿಸಿದೆವು. ಅದರ ಮೇಲೆ ಹೆಸರನ್ನು ಅವಳೇ ದಪ್ಪ ಅಕ್ಷರದಲ್ಲಿ ಬರೆದಳು.